ದುಡಿದು ಬಂದ ಕುದುರೆಯ ಕಾಲು ಬಿಗಿದರೆ

ದಿನವಿಡೀ ಗಾಡಿ ಎಳೆದ ಕುದುರೆ ರಾತ್ರಿ ಚೆನ್ನಾಗಿಯೇ ಮೇವು ತಿಂದಿರುತ್ತದೆ. ಬೆಳಿಗ್ಗೆ ಬಿಚ್ಚಲು ಹೋದರೆ ಹಿಂಗಾಲು ಎತ್ತಿಡಲು ಒದ್ದಾಡುತ್ತದೆ. ಹೆಜ್ಜೆ ಚಿಕ್ಕದಾಗಿರುತ್ತದೆ. ತೊಡೆ ಮುಟ್ಟಿದರೆ ಮೈ ನಡುಗಿಸುತ್ತದೆ. ಎತ್ತು ಸಾಕಿದವರಿಗೂ ಇದು ಹೊಸದಲ್ಲ. ಮಳೆ ಬಿದ್ದ ಮೊದಲ ವಾರ ಬೆಳಗಿಂದ ಸಂಜೆವರೆಗೆ ಹೊಲ ಹೊಡೆದ ಎತ್ತು ಮಾರನೇ ದಿನ ಮರದ ಎತ್ತಿನ ಹಾಗೆ ನಿಂತಿರುತ್ತದೆ.

ಆಗ ಏನು ಮಾಡಬೇಕು? ನಡೆಸಬೇಕೋ, ನಿಲ್ಲಿಸಬೇಕೋ? ತಣ್ಣೀರೋ, ಬಿಸಿನೀರೋ? ಎಣ್ಣೆ ತಿಕ್ಕಬೇಕೋ, ಗುಳಿಗೆ ಕೊಡಬೇಕೋ? ಕೇಳಿದರೆ ಹತ್ತು ಜನ ಹತ್ತು ಥರ ಹೇಳುತ್ತಾರೆ. ನಾನು ಒಮ್ಮೆ ತಪ್ಪು ಮಾಡಿ ಕಲಿತೆ. ಆ ತಪ್ಪಿಗೆ ಬೆಲೆ ತೆತ್ತದ್ದು ನಾನಲ್ಲ, ನಮ್ಮ ಕುದುರೆ. ಅದನ್ನೇ ಮೊದಲು ಹೇಳುತ್ತೇನೆ.

ಚಂದ್ರಿಯ ಕಥೆ

ನಮ್ಮದು ದಾವಣಗೆರೆಯ ನಿಟ್ಟುವಳ್ಳಿ. ಈಗ ಇದು ಊರೊಳಗಿನ ಬಡಾವಣೆ. ನಾನು ಹುಡುಗನಾಗಿದ್ದಾಗ ಮನೆಯ ಹಿಂದೆಯೇ ಹೊಲ ಶುರುವಾಗುತ್ತಿತ್ತು. ಅಪ್ಪನಿಗೆ ಒಂದೂವರೆ ಎಕರೆ ಜಮೀನು, ಒಂದು ಕುದುರೆ ಗಾಡಿ. ಹೊಲದಲ್ಲಿ ಕೆಲಸ ಇಲ್ಲದಾಗ ಗಾಡಿ ಹೊಡೆದು ಸಂಸಾರ ನಡೆಸುತ್ತಿದ್ದರು. ಕುದುರೆಯ ಹೆಸರು ಚಂದ್ರಿ. ಹಣೆಯ ಮೇಲೆ ಬಿಳಿ ಮಚ್ಚೆ ಇದ್ದ ಕೆಂಚು ಬಣ್ಣದ ಹೆಣ್ಣು ಕುದುರೆ.

1994ರ ದೀಪಾವಳಿ. ಆಗಿನ್ನೂ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹಬ್ಬಕ್ಕೆ ಅಂತ ನಾಲ್ಕು ದಿನ ಗಾಡಿ ಕಟ್ಟಲಿಲ್ಲ. ಚಂದ್ರಿ ಕಟ್ಟಿದಲ್ಲೇ ನಿಂತಿತ್ತು. ಹಬ್ಬ ಅಲ್ಲವಾ ಅಂತ ನಾನೇ ದಿನಾ ಹುರುಳಿ, ಮೆಕ್ಕೆಜೋಳ ಎರಡನ್ನೂ ಯಥೇಚ್ಛ ಕೊಟ್ಟೆ. ಹೊಸ ಮೆಕ್ಕೆಜೋಳ ಕಣದಲ್ಲಿ ರಾಶಿ ಬಿದ್ದಿತ್ತು, ಕೈ ಹಿಡಿಯಲಿಲ್ಲ. ಐದನೇ ದಿನ ಬೆಳಿಗ್ಗೆ ಹರಿಹರಕ್ಕೆ ಒಂದು ಬಾಡಿಗೆ ಸಿಕ್ಕಿತು. ದೂರ ಸುಮಾರು 14 ಕಿಲೋಮೀಟರ್. ಅಪ್ಪನಿಗೆ ಜ್ವರ, ನಾನೇ ಹೊರಟೆ.

ಮೂರು ಕಿಲೋಮೀಟರ್ ಹೋಗಿರಬಹುದು. ಚಂದ್ರಿ ಬೆವರತೊಡಗಿತು. ಬೆಳಗಿನ ಚಳಿಯಲ್ಲಿ ಅಷ್ಟು ಬೆವರು ಯಾಕೆ ಅಂತ ನನಗೆ ಹೊಳೆಯಲಿಲ್ಲ. ಆಮೇಲೆ ಹಿಂಗಾಲು ಎಳೆಯತೊಡಗಿತು. ನಾಲ್ಕು ದಿನ ನಿಂತು ಕಾಲು ಹಿಡಿದಿದೆ, ನಡೆದರೆ ಬಿಡುತ್ತದೆ ಅಂದುಕೊಂಡೆ. ಚಾವಟಿ ತೋರಿಸಿದೆ. ಇನ್ನೂ ಒಂದೂವರೆ ಕಿಲೋಮೀಟರ್ ನಡೆಸಿದೆ. ಆಮೇಲೆ ಅದು ನಿಂತೇ ಬಿಟ್ಟಿತು. ಸೊಂಟದ ಮೇಲೆ ಕೈಯಿಟ್ಟರೆ ಮಾಂಸ ಹಲಗೆಯಂತೆ ಗಟ್ಟಿ. ಉಚ್ಚೆ ಹೊಯ್ದಾಗ ನೋಡಿದೆ, ಕಾಫಿ ಕಷಾಯದ ಬಣ್ಣ.

ದಾರಿಯಲ್ಲಿ ಬರುತ್ತಿದ್ದ ಒಬ್ಬ ಹಿರಿಯ ಗಾಡಿಯವರು ಇಳಿದು ಬಂದರು. "ಎಷ್ಟು ದಿನ ನಿಲ್ಸಿದ್ರಿ?" ಅಂತ ಕೇಳಿದರು. ಹೇಳಿದೆ. "ಕಾಳು?" ಅಂದರು. ಅದನ್ನೂ ಹೇಳಿದೆ. "ಇನ್ನೊಂದ್ ಹೆಜ್ಜಿ ನಡಸ್ಬ್ಯಾಡ ತಮ್ಮಾ. ಗಾಡಿ ಬಿಚ್ಚು. ಇಲ್ಲೇ ಇರ್ಲಿ. ಡಾಕ್ಟ್ರನ್ನ ಕರ್ಕಂಬಾ" ಅಂದರು. ಮೈಮೇಲೆ ಹಾಕಲು ತಮ್ಮ ಕಂಬಳಿಯನ್ನೇ ಕೊಟ್ಟರು.

ಪಶುವೈದ್ಯರು ಬಂದು ರಕ್ತನಾಳಕ್ಕೆ ಬಾಟಲಿಗಟ್ಟಲೆ ದ್ರವ ಏರಿಸಿದರು. ಸಂಜೆ ಹೊತ್ತಿಗೆ ಲಾರಿಯಲ್ಲಿ ಮನೆಗೆ ತಂದೆವು. ಚಂದ್ರಿ ಬದುಕಿತು. ಎರಡು ತಿಂಗಳು ಗಾಡಿ ಕಟ್ಟಲಿಲ್ಲ. ಆ ಎರಡು ತಿಂಗಳು ಮನೆಯಲ್ಲಿ ಬಾಡಿಗೆ ಹಣ ಇಲ್ಲ. ಆಮೇಲೂ ಅದು ಮೊದಲಿನ ಹೊರೆ ಎಳೆಯಲಿಲ್ಲ. ಅಪ್ಪ ನನ್ನನ್ನು ಬೈಯಲಿಲ್ಲ. ವೈದ್ಯರು ಮಾತ್ರ ಒಂದು ಮಾತು ಹೇಳಿದರು: "ಮೊದಲ ಸಲ ಕಾಲೆಳೆದಾಗಲೇ ನಿಲ್ಲಿಸಿದ್ದರೆ ಇಷ್ಟು ಆಗುತ್ತಿರಲಿಲ್ಲ." ಆ ಒಂದೂವರೆ ಕಿಲೋಮೀಟರ್ ನನಗೆ ಇವತ್ತಿಗೂ ಮರೆತಿಲ್ಲ.

ಎರಡು ಥರದ ಬಿಗಿತ

ಕಾಲು ಬಿಗಿಯುವುದು ಒಂದೇ ಥರ ಅಲ್ಲ. ಇದು ಗೊತ್ತಿದ್ದರೆ ಅರ್ಧ ಚಿಕಿತ್ಸೆ ಆದ ಹಾಗೆ.

ಮೊದಲನೆಯದು ಸಾಮಾನ್ಯ ದಣಿವಿನ ಬಿಗಿತ. ರೂಢಿಗಿಂತ ಹೆಚ್ಚು ದುಡಿದಾಗ ಮಾಂಸಖಂಡದ ಸಣ್ಣ ಸಣ್ಣ ಎಳೆಗಳು ಅಲ್ಲಲ್ಲಿ ಹರಿಯುತ್ತವೆ. ಭಾರ ಎಳೆದ ಹಗ್ಗದಲ್ಲಿ ಎಳೆ ಕಿತ್ತು ಬರುತ್ತದಲ್ಲ, ಹಾಗೆ. ಅಲ್ಲಿ ಸ್ವಲ್ಪ ಊತ, ನೋವು ಬರುತ್ತದೆ. ಕೆಲಸ ಮಾಡಿದ ಕೂಡಲೇ ಗೊತ್ತಾಗುವುದಿಲ್ಲ. ಮಾರನೇ ದಿನ, ಅದರ ಮಾರನೇ ದಿನ ಜಾಸ್ತಿ. ಮೊದಲ ದಿನ ಭತ್ತದ ನಾಟಿ ಮಾಡಿದ ನಮ್ಮ ಸೊಂಟಕ್ಕೆ ಆಗುವುದೂ ಇದೇ. ಇದು ಎರಡು-ಮೂರು ದಿನದಲ್ಲಿ ತಾನೇ ವಾಸಿಯಾಗುತ್ತದೆ. ನಮ್ಮ ಆರೈಕೆ ನೋವು ಕಡಿಮೆ ಮಾಡುತ್ತದೆ, ಅಷ್ಟೇ. ಹುಳಿ ಆಮ್ಲ ಸೇರಿಕೊಂಡು ನೋವು ಬರುತ್ತದೆ ಅಂತ ಹಿಂದೆ ಹೇಳುತ್ತಿದ್ದರು. ಆ ಆಮ್ಲ ಕೆಲಸ ನಿಂತ ಒಂದೆರಡು ಗಂಟೆಯಲ್ಲೇ ರಕ್ತದಿಂದ ಹೋಗಿರುತ್ತದೆ. ಮಾರನೇ ದಿನದ ನೋವಿಗೆ ಅದು ಕಾರಣವಲ್ಲ ಅಂತ ಈಗ ತಿಳಿದಿದೆ.

ಎರಡನೆಯದು ಚಂದ್ರಿಗೆ ಆದದ್ದು. ಇದರಲ್ಲಿ ಮಾಂಸಖಂಡವೇ ದೊಡ್ಡ ಪ್ರಮಾಣದಲ್ಲಿ ಒಡೆಯುತ್ತದೆ. ಅದರೊಳಗಿನ ಕೆಂಪು ಬಣ್ಣ ರಕ್ತಕ್ಕೆ ಸೇರಿ ಮೂತ್ರದಲ್ಲಿ ಬರುತ್ತದೆ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದು ಪ್ರಾಣ ಹೋಗಲೂಬಹುದು. ಇದು ಕೆಲಸ ಮುಗಿದ ಮಾರನೇ ದಿನ ಬರುವುದಲ್ಲ. ಕೆಲಸ ಶುರುವಾದ ಸ್ವಲ್ಪ ಹೊತ್ತಿಗೇ ಬರುತ್ತದೆ. ವಿಪರೀತ ಬೆವರು, ಏರಿದ ಉಸಿರು, ಕಲ್ಲಿನಂಥ ಸೊಂಟ, ಕಪ್ಪು ಮೂತ್ರ ಇದರ ಗುರುತು. ಹಿಂದೆ ಇಂಗ್ಲೆಂಡಿನಲ್ಲಿ ಗಾಡಿ ಕುದುರೆಗಳಿಗೆ ಭಾನುವಾರ ರಜೆ ಕೊಟ್ಟು, ಕಾಳು ಮಾತ್ರ ಪೂರ್ತಿ ತಿನ್ನಿಸಿ, ಸೋಮವಾರ ಹೂಡುತ್ತಿದ್ದರು. ಆಗ ಹೀಗೆ ಬಿಗಿಯುತ್ತಿದ್ದವು. ಅಲ್ಲಿ ಅದಕ್ಕೆ ಸೋಮವಾರದ ರೋಗ ಅಂತಲೇ ಹೆಸರು. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ ಅಂತ ಬಹಳ ಜನ ಎತ್ತು ಹೂಡುವುದಿಲ್ಲ. ಕುದುರೆಗೂ ಅಂದೇ ರಜೆ ಕೊಡುವವರು ಮಂಗಳವಾರ ಬೆಳಿಗ್ಗೆ ಹುಷಾರಾಗಿರಬೇಕು.

ಇದರಲ್ಲಿ ಮಾಡಬೇಕಾದದ್ದು ಹಿರಿಯರು ನನಗೆ ಹೇಳಿದ್ದೇ. ನಿಲ್ಲಿಸಿ. ನಡೆಸಬೇಡಿ. ಗಾಡಿ ಬಿಚ್ಚಿ. ಚಳಿಯಿದ್ದರೆ ಕಂಬಳಿ ಹೊದಿಸಿ, ಬಿಸಿಲಿದ್ದರೆ ನೆರಳು ಮಾಡಿ. ನೀರು ಮುಂದಿಡಿ. ಕಾಳು ಕೊಡಬೇಡಿ. ಮಾಲೀಸು ಬೇಡ. ವೈದ್ಯರನ್ನು ಕರೆಸಿ. ಮನೆಗೆ ಒಯ್ಯಲೇಬೇಕಾದರೆ ವಾಹನದಲ್ಲಿ ಒಯ್ಯಿರಿ.

ಬಾರದಂತೆ ತಡೆಯುವುದು ಸುಲಭ. ರಜೆಯ ದಿನ ಕಾಳು ಅರ್ಧಕ್ಕಿಂತ ಕಡಿಮೆ ಮಾಡಿ, ಹುಲ್ಲು ಎಷ್ಟಾದರೂ ಕೊಡಿ. ಇಡೀ ದಿನ ಕಟ್ಟಿ ಹಾಕಬೇಡಿ. ಬೆಳಿಗ್ಗೆ ಸಂಜೆ ಸ್ವಲ್ಪ ಅಡ್ಡಾಡಿಸಿ. ರಜೆ ಮುಗಿದ ಮೊದಲ ದಿನ ಅರ್ಧ ಹೊರೆ, ಅರ್ಧ ದೂರ.

ಕೆಲಸ ಮುಗಿದ ಮೊದಲ ಒಂದು ಗಂಟೆ

ಸಾಮಾನ್ಯ ಬಿಗಿತ ಮಾರನೇ ದಿನ ಎಷ್ಟು ಕಾಡುತ್ತದೆ ಅನ್ನುವುದು ಹಿಂದಿನ ಸಂಜೆ ನಾವು ಏನು ಮಾಡಿದೆವು ಅನ್ನುವುದರ ಮೇಲೂ ನಿಂತಿದೆ. ಅಪ್ಪನ ರೂಢಿ ಮತ್ತು ವೈದ್ಯರಿಂದ ಕೇಳಿ ತಿದ್ದಿಕೊಂಡದ್ದು ಎರಡನ್ನೂ ಸೇರಿಸಿ ನಾವು ಮಾಡುವ ಕ್ರಮ ಹೀಗಿದೆ.

ಮನೆ ಇನ್ನೂ ಅರ್ಧ ಮೈಲಿ ಇರುವಾಗಲೇ ಓಟ ನಿಲ್ಲಿಸಿ. ಕೊನೆಯ ಹತ್ತು ನಿಮಿಷ ನಿಧಾನ ನಡಿಗೆ. ದುಡಿಯುವ ಮಾಂಸಖಂಡಕ್ಕೆ ನುಗ್ಗಿದ ರಕ್ತ ವಾಪಸು ಹೋಗಲು ಕಾಲು ಆಡುತ್ತಿರಬೇಕು. ಓಡಿ ಬಂದದ್ದನ್ನು ಗಕ್ಕನೆ ನಿಲ್ಲಿಸಿ ಕಟ್ಟಬೇಡಿ.

ಸಾಮಾನು ಬಿಚ್ಚಿ, ಗಾಳಿಯಾಡುವ ನೆರಳಿಗೆ ತನ್ನಿ. ಮೈ ಕಾದಿದ್ದರೆ ತಣ್ಣೀರು ಸುರಿಯಿರಿ. ಕಾದ ಕುದುರೆಗೆ ತಣ್ಣೀರು ಹಾಕಿದರೆ ಮಾಂಸ ಹಿಡಿದುಕೊಳ್ಳುತ್ತದೆ ಅಂತ ನಮ್ಮಲ್ಲೂ ಬೇರೆ ದೇಶದಲ್ಲೂ ಭಯ ಇತ್ತು. 1996ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ನಡೆಯಿತು. ಅಲ್ಲಿಯ ಸೆಖೆಯಲ್ಲಿ ಕುದುರೆಗಳನ್ನು ಉಳಿಸಿಕೊಳ್ಳುವುದು ಹೇಗೆ ಅಂತ ಪಶುವೈದ್ಯರು ಮೊದಲೇ ಪ್ರಯೋಗ ಮಾಡಿದ್ದರು. ತಣ್ಣೀರು ಧಾರಾಳ ಸುರಿದರೆ ತೊಂದರೆ ಇಲ್ಲ, ಮೈ ಬೇಗ ಆರುತ್ತದೆ ಅಂತ ಆಗ ಗಟ್ಟಿಯಾಯಿತು. ಕುತ್ತಿಗೆ, ಎದೆ, ಹೊಟ್ಟೆ, ತೊಡೆ ಎಲ್ಲ ಕಡೆ ಸುರಿಯಿರಿ. ಮೈಮೇಲೆ ನಿಂತ ನೀರು ಬಿಸಿಯಾಗುತ್ತದೆ. ಅದನ್ನು ಕೈಯಲ್ಲಿ ಬಳಿದು ಮತ್ತೆ ಸುರಿಯಿರಿ.

ಕುಡಿಯುವ ನೀರನ್ನೂ ತಡೆಯಬೇಡಿ. ಕಾದ ಮೈಗೆ ನೀರು ಕುಡಿದರೆ ಹೊಟ್ಟೆನೋವು ಬರುತ್ತದೆ ಅಂತ ಒಂದು ಗಂಟೆ ಕಾಯಿಸುವುದೇ ಹೆಚ್ಚು ಅಪಾಯ. ನಾವು ಅರ್ಧ ಬಕೆಟ್ ಕೊಟ್ಟು, ಐದು ನಿಮಿಷ ಬಿಟ್ಟು ಮತ್ತೆ ಕೊಡುತ್ತೇವೆ. ಸಾಮಾನ್ಯ ದಿನದಲ್ಲೇ ಒಂದು ಕುದುರೆಗೆ 25-40 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ದುಡಿದರೆ 60 ಲೀಟರ್ ದಾಟುತ್ತದೆ.

ನೀರಿನ ಜೊತೆ ಉಪ್ಪು. ಕುದುರೆಯ ಬೆವರಿನಲ್ಲಿ ನಮ್ಮ ಬೆವರಿಗಿಂತ ಹೆಚ್ಚು ಉಪ್ಪಿರುತ್ತದೆ. ಬೆವರು ಒಣಗಿದ ಮೇಲೆ ಮೈಮೇಲೆ ಬಿಳಿ ಗೆರೆ ಕಾಣುತ್ತದಲ್ಲ, ಅದೇ. ಆ ಉಪ್ಪು ತುಂಬದಿದ್ದರೆ ಮಾಂಸ ಸೆಳೆತ ಬರುತ್ತದೆ. ನೀರು ಕುಡಿಯುವ ಮನಸ್ಸೂ ಆಗುವುದಿಲ್ಲ. ದುಡಿಯುವ ಕುದುರೆಗೆ ದಿನಕ್ಕೆ ಸುಮಾರು 30 ಗ್ರಾಂ, ಅಂದರೆ ಎರಡು ದೊಡ್ಡ ಚಮಚ ಅಡುಗೆ ಉಪ್ಪು ಮೇವಿನಲ್ಲಿ ಕಲಸಿ ಕೊಡಿ. ಪಕ್ಕದಲ್ಲಿ ನೀರಿಲ್ಲದೆ ಉಪ್ಪು ಕೊಡಬೇಡಿ.

ಈಗ ಕಾಲು ನೋಡಿ. ಅಂಗೈಯನ್ನು ಮೇಲಿಂದ ಗೊರಸಿನವರೆಗೆ ಇಳಿಸಿ. ಬಲಗಾಲು ನೋಡಿ ಎಡಗಾಲು ನೋಡಿ. ಒಂದು ಕಾಲು ಬಿಸಿ, ಇನ್ನೊಂದು ತಣ್ಣಗಿದ್ದರೆ ಬಿಸಿ ಇರುವಲ್ಲಿ ಪೆಟ್ಟಾಗಿದೆ ಅಂತ ಅರ್ಥ. ಗೊರಸಿನಡಿ ಕಲ್ಲು, ಮೊಳೆ ಸಿಕ್ಕಿದೆಯಾ ನೋಡಿ. ಲಾಳ ಸಡಿಲವಾಗಿದೆಯಾ ನೋಡಿ. ಕುದುರೆಗೆ ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಹೊಡೆಸಬೇಕು. ಬೆಳೆದ ಗೊರಸಿನಲ್ಲಿ ದುಡಿಸಿದರೆ ನರಕ್ಕೆ ಬೀಳುವ ಎಳೆತ ಯಾವ ಎಣ್ಣೆಯಿಂದಲೂ ಹೋಗುವುದಿಲ್ಲ.

ಕೊನೆಗೆ ನಾಡಿ. ಕೆಳದವಡೆಯ ಒಳಅಂಚಿನಲ್ಲಿ ಬೆರಳಿಟ್ಟರೆ ಸಿಗುತ್ತದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44. ಕೆಲಸ ಮುಗಿದು ಅರ್ಧ ಗಂಟೆಯಾದರೂ 60ಕ್ಕಿಂತ ಕೆಳಗೆ ಇಳಿಯದಿದ್ದರೆ ಅದಕ್ಕೆ ಶಕ್ತಿ ಮೀರಿದ ಕೆಲಸ ಆಗಿದೆ, ಇಲ್ಲವೇ ಎಲ್ಲೋ ನೋವಿದೆ. ಮಾರನೇ ದಿನ ರಜೆ ಕೊಡಿ.

ಮೊದಲು ತಂಪು, ಆಮೇಲೆ ಬಿಸಿ

ಇದೊಂದು ಮಾತು ನೆನಪಿಟ್ಟುಕೊಂಡರೆ ಸಾಕು. ಪೆಟ್ಟು ಹೊಸದಾಗಿರುವ ಮೊದಲ ಒಂದೆರಡು ದಿನ ತಂಪು. ಊತ, ಕಾವು ಇಳಿದ ಮೇಲೆ ಬಿಸಿ.

ತಂಪಿಗೆ ದುಡ್ಡು ಬೇಡ. ಕಾಲಿನ ಮೇಲೆ 15-20 ನಿಮಿಷ ತಣ್ಣೀರು ಹರಿಸಿ. ದಿನಕ್ಕೆ ಎರಡು-ಮೂರು ಸಲ. ಪೈಪು ಇಲ್ಲದಿದ್ದರೆ ಒದ್ದೆ ಗೋಣಿಚೀಲ ಸುತ್ತಿ, ಅದರ ಮೇಲೆ ನೀರು ಹಾಕುತ್ತಿರಿ. ಬಿಗಿಯಾಗಿ ಕಟ್ಟಬೇಡಿ. ಅಪ್ಪ ಭದ್ರಾ ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ಚಂದ್ರಿಯನ್ನು ಹೊಲಗಾಲುವೆಯ ಮೊಣಕಾಲುದ್ದ ನೀರಲ್ಲಿ ನಿಲ್ಲಿಸಿ ಬೀಡಿ ಸೇದುತ್ತಾ ಕೂರುತ್ತಿದ್ದರು. ಹರಿಯುವ ನೀರಿಗಿಂತ ಒಳ್ಳೆ ಔಷಧಿ ಇಲ್ಲ. ಆದರೆ ದೊಡ್ಡ ಕಾಲುವೆಗೆ ಇಳಿಸಬೇಡಿ. ಪಾಚಿಯಲ್ಲಿ ಜಾರಿದರೆ ಮೇಲೆ ತರುವುದು ಕಷ್ಟ.

ಮೂರನೇ ದಿನದಿಂದ ಬಿಸಿ. ಗೋಣಿಚೀಲವನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ಸೊಂಟ, ತೊಡೆಯ ಮೇಲೆ 10-15 ನಿಮಿಷ ಇಡಿ. ನಿಮ್ಮ ಮೊಣಕೈ ತಡೆಯುವಷ್ಟು ಬಿಸಿ ಮಾತ್ರ. ಹುಣಸೆಹಣ್ಣು, ಉಪ್ಪು, ಅರಿಶಿನ ಬೇಯಿಸಿ ಪಟ್ಟು ಹಾಕುವವರಿದ್ದಾರೆ. ನಾವೂ ಹಾಕಿದ್ದೇವೆ. ಅದರಲ್ಲಿ ಹಿತ ಕೊಡುವುದು ಮುಖ್ಯವಾಗಿ ಬಿಸಿ. ಚರ್ಮ ಕಿತ್ತಿದ್ದರೆ ಹಾಕಬೇಡಿ.

ಬಿಸಿ ಕೊಟ್ಟ ಮೇಲೆ ಮಾಲೀಸು. ಅಂಗೈಗೆ ಸ್ವಲ್ಪ ಎಳ್ಳೆಣ್ಣೆಯೋ ಹರಳೆಣ್ಣೆಯೋ ಸವರಿಕೊಂಡು ಕೆಳಗಿಂದ ಮೇಲಕ್ಕೆ, ಎದೆಯ ಕಡೆಗೆ ಒತ್ತಿ. ಎಣ್ಣೆ ಕೈ ಜಾರಲು ಮಾತ್ರ. ಕುದುರೆ ತಲೆ ತಗ್ಗಿಸಿ ಕೆಳತುಟಿ ಸಡಿಲ ಬಿಟ್ಟರೆ ಹಿತವಾಗಿದೆ ಅಂತ ಅರ್ಥ. ಕಿವಿ ಹಿಂದಕ್ಕೆ ಮಡಿಸಿದರೆ ಬಿಡಿ. ಟರ್ಪೆಂಟೈನ್ ಹಾಕಿದ ಉರಿಯುವ ಮದ್ದುಗಳನ್ನು ಹಚ್ಚಿ ಮೇಲೆ ಪಟ್ಟಿ ಕಟ್ಟಬೇಡಿ, ಚರ್ಮ ಬೊಬ್ಬೆ ಬರುತ್ತದೆ.

ಕಾದ ಕಬ್ಬಿಣದಿಂದ ಬರೆ ಹಾಕುವುದಂತೂ ಬೇಡವೇ ಬೇಡ. ಬರೆ ಹಾಕಿದ ಮೇಲೆ ಕುಂಟು ಹೋಯಿತು ಅಂತ ಹೇಳುವವರು, ಬರೆಯ ಗಾಯಕ್ಕೆ ಅಂತ ಅದಕ್ಕೆ ಮೂರು ವಾರ ರಜೆ ಕೊಟ್ಟಿರುತ್ತಾರೆ. ಗುಣ ಮಾಡಿದ್ದು ರಜೆ. ಸುಟ್ಟದ್ದು ಮಾತ್ರ ಬರೆ.

ಮಾರನೇ ಬೆಳಿಗ್ಗೆ ಪರೀಕ್ಷೆ

ಮೂತ್ರದ ಬಣ್ಣ ಸರಿಯಿದ್ದು, ಮೇವು ತಿನ್ನುತ್ತಿದ್ದು, ಬರೀ ಬಿಗಿತ ಇದ್ದರೆ ಹಗ್ಗ ಹಿಡಿದು ಸಮ ನೆಲದಲ್ಲಿ ನಿಧಾನ ನಡೆಸಿ. ನಡೆದಂತೆ ಹೆಜ್ಜೆ ಸಡಿಲವಾದರೆ ಅದು ದಣಿವಿನ ಬಿಗಿತ. ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ ನಡೆಸಿ, ಹೊರೆ ಬೇಡ. ನಡೆದಂತೆ ಜಾಸ್ತಿಯಾದರೆ ಅಲ್ಲೇ ನಿಲ್ಲಿಸಿ. ಅದು ದಣಿವಲ್ಲ, ಬೇರೇನೋ ಇದೆ.

ಆ ಬೇರೇನೋ ಯಾವುದು? ನಮ್ಮ ಕಡೆ ಸಾಮಾನ್ಯವಾಗಿ ಮೋಸ ಹೋಗುವುದು ಇವುಗಳಲ್ಲಿ.

ಮೆಕ್ಕೆಜೋಳದ ರಾಶಿಗೆ ಬಾಯಿ ಹಾಕಿದ್ದು. ಕುದುರೆಯಾಗಲಿ ಎತ್ತಾಗಲಿ ರಾತ್ರಿ ಹಗ್ಗ ಕಿತ್ತುಕೊಂಡು ಕಾಳು ಮುಕ್ಕಿದರೆ, ಒಂದೆರಡು ದಿನದಲ್ಲಿ ಗೊರಸಿನ ಒಳಗೆ ಉರಿಯೂತ ಬರಬಹುದು. ಗೊರಸು ಬಿಸಿಯಾಗಿರುತ್ತದೆ. ಕುದುರೆ ಮುಂಗಾಲು ಮುಂದಕ್ಕೆ ಚಾಚಿ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಲ್ಲುತ್ತದೆ. ನಡೆಸಿದರೆ ಒಳಗಿನ ಮೂಳೆ ಜರುಗಿ ಶಾಶ್ವತ ಕುಂಟಾಗುತ್ತದೆ. ಕಾಳು ತಿಂದದ್ದು ಗೊತ್ತಾದ ಕೂಡಲೇ, ಕುಂಟುವ ಮೊದಲೇ ವೈದ್ಯರನ್ನು ಕರೆಸಿ. ಅವರು ಬರುವವರೆಗೆ ಕುದುರೆಯ ಗೊರಸುಗಳನ್ನು ತಣ್ಣೀರಲ್ಲಿ ಇಡಿ.

ಧನುರ್ವಾಯು. ಹಳೆ ಮೊಳೆ ಚುಚ್ಚಿದ ಒಂದೆರಡು ವಾರಕ್ಕೆ ಕುದುರೆ ಮರದ ಗೊಂಬೆಯಂತೆ ಸೆಟೆಯುತ್ತದೆ. ಬಾಲ ಎತ್ತಿರುತ್ತದೆ. ಸದ್ದಿಗೆ ಬೆಚ್ಚುತ್ತದೆ. ಕಣ್ಣಿನ ಒಳಮೂಲೆಯ ಪೊರೆ ಕಣ್ಣಿನ ಮೇಲೆ ಬರುತ್ತದೆ. ಕುದುರೆಗೆ ಈ ರೋಗ ಬಹಳ ಬೇಗ ತಗಲುತ್ತದೆ. ಲಸಿಕೆ ಇದೆ, ತಪ್ಪದೆ ಹಾಕಿಸಿ.

ದನಗಳಲ್ಲಿ ಮೂರು ದಿನದ ಜ್ವರ. ಮಳೆಗಾಲದಲ್ಲಿ ಸೊಳ್ಳೆ, ನುಸಿಯಿಂದ ಬರುತ್ತದೆ. ಇವತ್ತು ಈ ಕಾಲು ಕುಂಟಿದರೆ ನಾಳೆ ಆ ಕಾಲು. ನಿನ್ನೆ ಉಳುಮೆ ಜಾಸ್ತಿ ಆಯಿತು ಅಂತ ಅಂದುಕೊಳ್ಳುತ್ತೇವೆ.

ಚಪ್ಪೆ ರೋಗ. ಪುಷ್ಟಿಯಾದ ಎಳೆ ದನಗಳಿಗೇ ಹೆಚ್ಚು. ತೊಡೆಯೋ ಹೆಗಲೋ ಊದಿ, ಒತ್ತಿದರೆ ಚರಚರ ಸದ್ದು. ಜೋರು ಜ್ವರ. ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಎಣ್ಣೆ ತಿಕ್ಕುತ್ತಾ ಕೂತರೆ ಹೊತ್ತು ಕಳೆಯುತ್ತದೆ. ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸುವುದೊಂದೇ ದಾರಿ.

ಅದಕ್ಕೇ ಮನೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಗುದದ್ವಾರದಲ್ಲಿ ಇಟ್ಟು ನೋಡಬೇಕು. ಸುಧಾರಿಸಿಕೊಂಡ ಕುದುರೆಗೆ 101.3 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ, ಎತ್ತಿಗೆ ಸುಮಾರು 102.5ರವರೆಗೆ ಸಹಜ. ಅದಕ್ಕಿಂತ ಮೇಲಿದ್ದರೆ ಬರೀ ದಣಿವು ಅಂತ ತಳ್ಳಿಹಾಕಬೇಡಿ.

ನೋವಿನ ಗುಳಿಗೆ, ಇಂಜೆಕ್ಷನ್

ಇದು ಈಗಿನ ಕಾಲದ ರೋಗ. ಅಂಗಡಿಯಿಂದ ಮನುಷ್ಯರ ನೋವಿನ ಔಷಧಿ ತಂದು ಚುಚ್ಚುವುದು, ಮಾರನೇ ದಿನ ಹೂಡುವುದು. ನೋವು ಅಂದರೆ ಪ್ರಾಣಿಗೆ "ಈ ಕಾಲು ಊರಬೇಡ" ಅಂತ ಹೇಳುವ ಕಾವಲುಗಾರ. ಕಾವಲುಗಾರನ ಬಾಯಿ ಕಟ್ಟಿ ದುಡಿಸಿದರೆ ಅರ್ಧ ಹರಿದದ್ದು ಪೂರ್ತಿ ಹರಿಯುತ್ತದೆ. ನೀರಿಲ್ಲದೆ ದಣಿದ ಪ್ರಾಣಿಗೆ ಈ ಔಷಧಿಗಳು ಮೂತ್ರಪಿಂಡವನ್ನೂ ಕೆಡಿಸುತ್ತವೆ.

ಇನ್ನೊಂದು ಕಾರಣವೂ ಇದೆ. ಡೈಕ್ಲೋಫೆನಾಕ್ ಕೊಟ್ಟ ದನ ಸತ್ತು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ನಮ್ಮ ದೇಶದ ರಣಹದ್ದುಗಳು ಹೆಚ್ಚುಕಡಿಮೆ ಮಾಯವಾದದ್ದೇ ಹೀಗೆ. ಅದಕ್ಕೇ 2006ರಲ್ಲಿ ಜಾನುವಾರುಗಳಿಗೆ ಇದನ್ನು ನಿಷೇಧಿಸಿದರು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ನಿಷೇಧವಾದವು. ನಮ್ಮ ರಾಜ್ಯದಲ್ಲಿ ಉಳಿದ ರಣಹದ್ದುಗಳಿಗಾಗಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಮಾಡಬೇಕಾಯಿತು. ಹದ್ದಿಗೆ ತೊಂದರೆ ಮಾಡದ ಮೆಲಾಕ್ಸಿಕಾಮ್‌ನಂಥ ಔಷಧಿ ಇದೆ. ಎಷ್ಟು, ಎಷ್ಟು ದಿನ ಅಂತ ವೈದ್ಯರು ಹೇಳಲಿ. ಆಸ್ಪತ್ರೆ ದೂರವಿದ್ದರೆ 1962ಕ್ಕೆ ಫೋನ್ ಮಾಡಿ ಸಂಚಾರಿ ಪಶುಚಿಕಿತ್ಸಾ ವಾಹನ ಕೇಳಬಹುದು.

ಎತ್ತಿಗೆ ಏನು ಬೇರೆ?

ನಮ್ಮಲ್ಲಿ ಈಗ ಕುದುರೆ ಇಲ್ಲ. ಒಂದು ಜೊತೆ ಎತ್ತು ಇವೆ. ನಡಿಗೆ, ನೀರು, ತಂಪು, ಬಿಸಿ, ಮಾಲೀಸು ಎಲ್ಲ ಎತ್ತಿಗೂ ಅದೇ. ಆದರೆ ಎತ್ತು ಕುದುರೆಯಷ್ಟು ಬೆವರುವುದಿಲ್ಲ. ಹಾಗಾಗಿ ಬಿಸಿಲು ಬೇಗ ತಟ್ಟುತ್ತದೆ. ಬಾಯಿ ತೆರೆದು ನಾಲಿಗೆ ಚಾಚಿ ಏದುಸಿರು ಬಿಟ್ಟರೆ ಕೂಡಲೇ ನೊಗ ಇಳಿಸಿ. ಬೆಳಿಗ್ಗೆ ಬೇಗ ಹೂಡಿ ಹತ್ತೂವರೆಗೆ ಬಿಡುವ ಹಳೇ ಪದ್ಧತಿಯೇ ಸರಿ. ಮೇವು ತಿಂದ ಎತ್ತಿಗೆ ಮಲಗಿ ಮೆಲುಕು ಹಾಕಲು ಹೊತ್ತು ಬೇಕು. ಕಲ್ಲು ಹಾಸಿನ ಮೇಲೆ ಮಲಗಿದರೆ ಬಿಗಿತ ಇನ್ನೂ ಹೆಚ್ಚು. ಒಣಹುಲ್ಲು ಹಾಸಿ. ಬೇಸಿಗೆಯಿಡೀ ಕಟ್ಟಿಹಾಕಿದ್ದನ್ನು ಮೊದಲ ಮಳೆಗೇ ಇಡೀ ದಿನ ಹೂಡಬೇಡಿ. ಮೊದಲ ವಾರ ದಿನಕ್ಕೆ ಎರಡು ಗಂಟೆ, ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ.

ದಾವಣಗೆರೆಗೆ ಆ ಹೆಸರು ಬಂದದ್ದು "ದಣಿವಿನ ಕೆರೆ"ಯಿಂದ, ದಣಿದ ಕುದುರೆಗಳು ಇಲ್ಲಿ ನೀರು ಕುಡಿದು ಸುಧಾರಿಸಿಕೊಳ್ಳುತ್ತಿದ್ದವು ಅಂತ ನಮ್ಮ ಕಡೆ ಹಿರಿಯರು ಹೇಳುವುದುಂಟು. ಕಥೆ ನಿಜವೋ ಸುಳ್ಳೋ, ಅದರಲ್ಲಿರುವ ಚಿಕಿತ್ಸೆ ಮಾತ್ರ ಸರಿಯಾದದ್ದು. ನೀರು, ನೆರಳು, ಬಿಡುವು. ಮೂರೂ ಮನೆಯಲ್ಲೇ ಇವೆ. ಕಷ್ಟವಾದದ್ದು ಒಂದೇ. ಬಾಡಿಗೆ ಒಪ್ಪಿಕೊಂಡ ದಿನ, ಹದ ಹೋಗುತ್ತದೆ ಅನ್ನುವ ದಿನ, ಪ್ರಾಣಿ ಕಾಲೆಳೆದರೆ ನಿಲ್ಲಿಸುವುದು. ಹದ ಇನ್ನೊಂದು ಮಳೆಗೆ ಬರುತ್ತದೆ.